ಸುಣ್ಣದ ತಿಳಿ, ಎರಡು ಡಬ್ಬಿ, ರಿಯಾಕ್ಟರ್: ದೊಡ್ಡ ಹವಳದ ತೊಟ್ಟಿಯಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಡಲ್ಲಾಸ್ ಬಳಿಯ ಪ್ಲೇನೋದಲ್ಲಿರುವ ನಮ್ಮ ಮನೆಯಲ್ಲಿ 75 ಗ್ಯಾಲನ್‌ನ ಹವಳದ ಅಕ್ವೇರಿಯಂ ಇದ್ದಷ್ಟು ದಿನ ನಾನು ಸುಣ್ಣದಂಶದ ಲೆಕ್ಕ ಇಟ್ಟವನಲ್ಲ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ಅಲ್ಲಿದ್ದ ಮೆದು ಹವಳಗಳಿಗೂ ನಾಲ್ಕಾರು ಮೀನುಗಳಿಗೂ ಸಾಕಾಗುತ್ತಿತ್ತು. 2018ರಲ್ಲಿ ಆರು ಅಡಿ ಉದ್ದದ, ಎರಡೆರಡು ಅಡಿ ಅಗಲ ಮತ್ತು ಎತ್ತರದ 180 ಗ್ಯಾಲನ್ ತೊಟ್ಟಿಗೆ ಬಡ್ತಿ ಪಡೆದು, ಅದರಲ್ಲಿ ಅಕ್ರೊಪೊರಾ, ಮಾಂಟಿಪೊರಾ ಮೊದಲಾದ ಗಟ್ಟಿ ಹವಳಗಳ ಬೆರಳುದ್ದದ ತುಂಡುಗಳನ್ನು ಅಂಟಿಸಿದ ಮೇಲೆ ಆ ನಿಶ್ಚಿಂತೆ ಒಂದೇ ವರ್ಷದಲ್ಲಿ ಮುಗಿಯಿತು. ಗಟ್ಟಿ ಹವಳವು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್‌ಗಳನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್‌ನ ಅಸ್ಥಿಪಂಜರ ಕಟ್ಟುತ್ತದೆ. ಅದು ಬೆಳೆದಷ್ಟೂ ನೀರು ಬಡವಾಗುತ್ತದೆ. ಆಲ್ಕಲಿನಿಟಿ (ಬೈಕಾರ್ಬೊನೇಟ್ ಮೊದಲಾದವುಗಳಿಂದ ಬರುವ ನೀರಿನ ಕ್ಷಾರಾಂಶ; ಡಿಕೆಎಚ್ ಅದನ್ನು ಅಳೆಯುವ ಮಾನ) 2.8 ಡಿಕೆಎಚ್ ಇಳಿದಾಗ ಕ್ಯಾಲ್ಸಿಯಂ ಸುಮಾರು 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಇಳಿದಿರುತ್ತದೆ ಎಂಬುದು ಈ ಲೆಕ್ಕದ ಮೂಲಸೂತ್ರ. ಸಹಜ ಸಮುದ್ರದ ನೀರಿನಲ್ಲಿ ಆಲ್ಕಲಿನಿಟಿ ಸುಮಾರು 7 ಡಿಕೆಎಚ್, ಕ್ಯಾಲ್ಸಿಯಂ 410ರಿಂದ 420 ಪಿಪಿಎಂ ಇರುತ್ತದೆ. ನಾನು ಆಲ್ಕಲಿನಿಟಿಯನ್ನು 8ರ ಆಸುಪಾಸಿನಲ್ಲಿ ನಿಲ್ಲಿಸಲು ಯತ್ನಿಸುತ್ತೇನೆ.

ನೀರು ಬದಲಾವಣೆಯಿಂದಲೇ ಇದನ್ನು ಸರಿದೂಗಿಸಬಹುದಲ್ಲವೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ತೊಟ್ಟಿಯ ನೀರು 8 ಡಿಕೆಎಚ್ ಇದ್ದು, ಹೊಸದಾಗಿ ಕಲಸಿದ ಉಪ್ಪುನೀರು 11 ಇದ್ದರೆ, ನೂರಕ್ಕೆ ಹತ್ತು ಪಾಲು ಬದಲಿಸಿದಾಗ ಏರುವುದು 0.3 ಮಾತ್ರ. ನನ್ನ ತೊಟ್ಟಿ ಈಗ ಒಂದು ದಿನಕ್ಕೆ 2 ಡಿಕೆಎಚ್‌ಗಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ ಬೇರೆ ದಾರಿ ಹುಡುಕದೆ ವಿಧಿಯಿರಲಿಲ್ಲ. ರೂಢಿಯಲ್ಲಿರುವ ದಾರಿಗಳು ಮೂರು: ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಾವನ್ನು ಬೇರೆ ಬೇರೆ ದ್ರಾವಣಗಳಾಗಿ ಹನಿಸುವ ಟೂ-ಪಾರ್ಟ್, ಆವಿಯಾದ ನೀರಿನ ಜಾಗಕ್ಕೆ ಸುಣ್ಣದ ತಿಳಿನೀರನ್ನು ತುಂಬುವ ಕಾಲ್ಕ್‌ವಾಸರ್, ಇಂಗಾಲದ ಡೈಆಕ್ಸೈಡ್ ಹಾಯಿಸಿ ಹವಳದ ಚೂರುಗಳನ್ನೇ ಕರಗಿಸುವ ಕ್ಯಾಲ್ಸಿಯಂ ರಿಯಾಕ್ಟರ್. ಮೂರನ್ನೂ ಇದೇ ತೊಟ್ಟಿಯಲ್ಲಿ, ಒಂದಾದ ಮೇಲೊಂದರಂತೆ ವರ್ಷಗಟ್ಟಲೆ ನಡೆಸಿದ್ದೇನೆ. ಕಲ್ಲು, ಮರಳುಗಳ ಜಾಗ ಕಳೆದು ಸಂಪಿನ (ತೊಟ್ಟಿಗೆ ಜೋಡಿಸಿದ, ಉಪಕರಣಗಳನ್ನಿಡುವ ಚಿಕ್ಕ ತೊಟ್ಟಿಯ) ನೀರನ್ನು ಕೂಡಿಸಿದರೆ ನನ್ನಲ್ಲಿರುವ ನೀರು ಸುಮಾರು 650 ಲೀಟರ್. ಕೆಳಗಿನ ಅಂಕಿಗಳೆಲ್ಲ ಆ ಪ್ರಮಾಣಕ್ಕೆ ಸೇರಿದವು.

ಮೊದಲು ಹಿಡಿದದ್ದು ಟೂ-ಪಾರ್ಟ್. ಒಂದು ಗ್ಯಾಲನ್ ಆರ್‌ಓ ನೀರಿನಲ್ಲಿ 500 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದರೆ ಒಂದು ಡಬ್ಬಿ, 594 ಗ್ರಾಂ ಅಡುಗೆ ಸೋಡಾವನ್ನು ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಹುರಿದು ಕರಗಿಸಿದರೆ ಇನ್ನೊಂದು ಡಬ್ಬಿ. ಹುರಿದಾಗ ಸೋಡಾದಲ್ಲಿರುವ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಅದು ಸೋಡಿಯಂ ಕಾರ್ಬೊನೇಟ್ ಆಗುವುದರಿಂದ ತೊಟ್ಟಿಯ ಪಿಎಚ್ ಸ್ವಲ್ಪ ಮೇಲೇರುತ್ತದೆ. ದಿನಕ್ಕೆ 2 ಡಿಕೆಎಚ್ ಬೇಡುವ ತೊಟ್ಟಿಗೆ ಎರಡೂ ಡಬ್ಬಿಗಳಿಂದ ತಲಾ 250 ಮಿಲಿಲೀಟರ್ ಬೇಕಾಗುತ್ತದೆ. ಅದನ್ನು ಒಮ್ಮೆಲೇ ಸುರಿಯದೆ, ಡೋಸಿಂಗ್ ಪಂಪಿನಿಂದ ಇಪ್ಪತ್ತನಾಲ್ಕು ಗಂಟೆಗೆ ಹಂಚಿ, ಸಂಪಿನ ಎರಡು ಬೇರೆ ಮೂಲೆಗಳಲ್ಲಿ ಹನಿಸಬೇಕು. ಎರಡೂ ಕೊಳವೆಗಳನ್ನು ಒಂದೇ ಕಡೆ ಬಿಟ್ಟ ಮೊದಲ ದಿನ, ನೀರೊಳಗೆ ಹಾಲು ಒಡೆದಂತೆ ಬಿಳಿ ಮೋಡ ಏಳುವುದನ್ನು ನೋಡಿ ನಾನು ಈ ಪಾಠ ಕಲಿತೆ.

ಈ ವಿಧಾನದ ದೊಡ್ಡ ಗುಣವೆಂದರೆ ಹಿಡಿತ. ಆಲ್ಕಲಿನಿಟಿ 7.6ಕ್ಕೆ ಇಳಿದರೆ ಎಷ್ಟು ಮಿಲಿಲೀಟರ್ ಹೆಚ್ಚಿಸಬೇಕೆಂದು ಕಾಗದದ ಮೇಲೆ ಗುಣಿಸಿ ತಿಳಿಯಬಹುದು, ಕ್ಯಾಲ್ಸಿಯಂ ಒಂದನ್ನೇ ಏರಿಸಬಹುದು, ಬೇಡವಾದರೆ ಅರ್ಧಕ್ಕೆ ಇಳಿಸಬಹುದು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ವಿದ್ಯುತ್ ಕೈಕೊಟ್ಟಾಗ ನಾನು ಬ್ಯಾಟರಿ ಗಾಳಿಪಂಪು ಹಾಗೂ ಕಂಬಳಿಗಳ ಆಸರೆಯಲ್ಲಿ ಹವಳಗಳನ್ನು ಉಳಿಸಿಕೊಂಡೆನಾದರೂ, ಚಳಿಗೆ ಸಿಕ್ಕಿದ ಹವಳಗಳು ಮುಂದಿನ ಮೂರು ವಾರ ಬೆಳೆಯುವುದನ್ನೇ ನಿಲ್ಲಿಸಿದ್ದವು. ಹವಳ ತಿನ್ನದಿರುವಾಗ ಹಳೆಯ ಪ್ರಮಾಣದಲ್ಲೇ ಉಣಿಸುತ್ತ ಹೋದರೆ ಆಲ್ಕಲಿನಿಟಿ ಸರ್ರನೆ ಏರಿ, ಅಳಿದುಳಿದ ಹವಳವೂ ತುದಿ ಸುಟ್ಟುಕೊಳ್ಳುತ್ತದೆ. ಆ ದಿನಗಳಲ್ಲಿ ಬೇರೆಲ್ಲವನ್ನೂ ಬಂದ್ ಮಾಡಿ, ಮತ್ತೆ ಈ ಎರಡು ಡಬ್ಬಿಗಳಿಗೇ ಮರಳಿ, ದಿನವೂ ಅಳೆದು ಅಷ್ಟಷ್ಟೇ ಹನಿಸಿದ್ದೆ.

ಆದರೆ ಇದಕ್ಕೊಂದು ಬಾಲವಿದೆ. ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹವಳಕ್ಕೆ ಸೇರುತ್ತವೆ. ಉಳಿದ ಸೋಡಿಯಂ ಮತ್ತು ಕ್ಲೋರೈಡ್ ನೀರಿನಲ್ಲೇ ಉಳಿಯುತ್ತವೆ, ಅಂದರೆ ನಾವು ದಿನವೂ ತೊಟ್ಟಿಗೆ ಉಪ್ಪು ಹಾಕಿದಂತೆಯೇ. ನನ್ನ ಪ್ರಮಾಣದಲ್ಲಿ ಅದು ದಿನಕ್ಕೆ 27 ಗ್ರಾಂ, ತಿಂಗಳಿಗೆ 800 ಗ್ರಾಂ ಮೀರುತ್ತದೆ. ಸಾವಿರಕ್ಕೆ 35ರಷ್ಟಿರಬೇಕಾದ ಲವಣಾಂಶ ಒಂದೇ ತಿಂಗಳಲ್ಲಿ 36 ದಾಟುವುದನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡಿ, ಮೊದಲು ನಾನು ಉಪಕರಣವೇ ಕೆಟ್ಟಿದೆಯೆಂದು ಶಂಕಿಸಿದ್ದೆ. ಎರಡನೆಯ ದೋಷ ಪಂಪಿನದು. ಪೆರಿಸ್ಟಾಲ್ಟಿಕ್ ಪಂಪಿನ ಮೆದು ಕೊಳವೆ ಉರುಳೆಗಳಡಿ ಸಿಕ್ಕಿ ಸಿಕ್ಕಿ ಜೋಲು ಬಿದ್ದು, ಆರು ತಿಂಗಳಲ್ಲಿ 10 ಮಿಲಿಲೀಟರಿಗೆ ಬದಲು 8.3 ಕೊಡತೊಡಗಿತ್ತು. ಪಂಪಿನ ಪರದೆ ಮಾತ್ರ ಕೊನೆಯವರೆಗೂ 10 ಎಂದೇ ತೋರಿಸುತ್ತಿತ್ತು.

ಕಾಲ್ಕ್‌ವಾಸರ್ ಎಂಬ ಜರ್ಮನ್ ಹೆಸರು ಕೇಳಲು ಭಾರವಾದರೂ ವಸ್ತು ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಕೊಳವೆಯಿಂದ ಉಸಿರು ಊದಿ ಹಾಲಿನಂತೆ ಬೆಳ್ಳಗಾಗಿಸುತ್ತಿದ್ದ ಸುಣ್ಣದ ತಿಳಿನೀರೇ ಅದು. ಇಲ್ಲಿ ಉಪ್ಪಿನಕಾಯಿಗೆ ಹಾಕುವ ಸುಣ್ಣವೆಂದು ದಿನಸಿ ಅಂಗಡಿಯಲ್ಲಿ ಸಿಗುವ ಪುಡಿಯೂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಹೊನ್ನಾವರದಿಂದ ಬಂದಿದ್ದ ಅಮ್ಮ, ನಾನು ಮೂಗಿಗೆ ಬಟ್ಟೆ ಕಟ್ಟಿ, ಕೈಗವಸು ಹಾಕಿ ಆ ಪುಡಿಯನ್ನು ಚಮಚದಲ್ಲಿ ಅಳೆಯುವುದನ್ನು ಸ್ವಲ್ಪ ಹೊತ್ತು ನೋಡಿ, "ಎಲೆಗೆ ಹಚ್ಚೋ ಸುಣ್ಣಕ್ಕೆ ಇಷ್ಟೆಲ್ಲ ವೇಷ ಯಾಕೋ?" ಎಂದರು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣವನ್ನು ಕಂಡು ಬೆಳೆದವರಿಗೆ ಅದನ್ನು ಮತ್ತೆ ಉಪ್ಪುನೀರಿಗೇ ಸುರಿಯುವುದು ವಿಚಿತ್ರವಾಗಿ ಕಂಡಿರಬೇಕು. ವೇಷಕ್ಕೆ ಕಾರಣವಿದೆ: ಸುಣ್ಣದ ತಿಳಿಯ ಪಿಎಚ್ 12.4ರ ಸುತ್ತಮುತ್ತ ಇರುತ್ತದೆ. ಕಣ್ಣಿಗೆ ಬಿದ್ದರೆ ಅಪಾಯ.

ಒಂದು ಗ್ಯಾಲನ್ ನೀರಿಗೆ ಎರಡು ಟೀ ಚಮಚ ಪುಡಿ ಹಾಕಿ ಕಲಕಿ, ಮುಚ್ಚಳ ಮುಚ್ಚಿ ರಾತ್ರಿಯೆಲ್ಲ ಬಿಟ್ಟರೆ, ಕರಗದ್ದು ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ಗಾಳಿ ತಾಕಿದ ಮೇಲ್ಮೈಯಲ್ಲಿ, ಕಾಯಿಸಿದ ಹಾಲಿನ ಕೆನೆಯಂತೆ ತೆಳುವಾದ, ಆದರೆ ಬೆರಳು ತಾಗಿಸಿದರೆ ಗಾಜಿನಂತೆ ಚೂರಾಗುವ ಪದರ ಕಟ್ಟುತ್ತದೆ. ಅದನ್ನು ಒಡೆಯದೆ, ತಳದ ಗಸಿಯನ್ನೂ ಕದಡದೆ, ನಡುವಿನ ತಿಳಿಯನ್ನಷ್ಟೇ ಎಳೆಯುವಂತೆ ಪಂಪಿನ ಕೊಳವೆಯನ್ನು ತಳದಿಂದ ನಾಲ್ಕು ಅಂಗುಲ ಮೇಲೆ ಕಟ್ಟಬೇಕು. ಈ ತಿಳಿಯಲ್ಲಿ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಹವಳ ಬೇಡುವ ಪ್ರಮಾಣದಲ್ಲೇ ಇರುತ್ತವೆ, ಉಪ್ಪು ಉಳಿಯುವುದಿಲ್ಲ, ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಪಿಎಚ್. ಟೆಕ್ಸಸ್‌ನ ಸೆಕೆಗೆ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಏಸಿ ಹಾಕಿಕೊಂಡು ಬದುಕುವ ಮನೆಯಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ, ಬೆಳಗಿನ ಜಾವದ ಪಿಎಚ್ 7.8ಕ್ಕೆ ಇಳಿಯುತ್ತಿತ್ತು. ಸುಣ್ಣದ ಹೈಡ್ರಾಕ್ಸೈಡ್ ಆ ಅನಿಲವನ್ನೇ ಹಿಡಿದು ಬೈಕಾರ್ಬೊನೇಟ್ ಆಗಿಸುವುದರಿಂದ, ತಿಳಿ ಹಾಕತೊಡಗಿದ ಎರಡನೆಯ ವಾರಕ್ಕೆ ಅದೇ ಹೊತ್ತಿನ ಪಿಎಚ್ 8.1ಕ್ಕೆ ನಿಂತಿತು. ಮಾಂಟಿಪೊರಾದ ಅಂಚಿನ ಬಿಳಿ ಗೆರೆ, ಅಂದರೆ ಹೊಸ ಬೆಳವಣಿಗೆಯ ಗುರುತು, ಅಗಲವಾದದ್ದು ಕಣ್ಣಿಗೇ ಕಾಣುತ್ತಿತ್ತು.

ಮಿತಿ ಇರುವುದು ಆವಿಯಲ್ಲಿ. ತೊಟ್ಟಿಯಿಂದ ಎಷ್ಟು ನೀರು ಆರುತ್ತದೆಯೋ ಅಷ್ಟೇ ತಿಳಿ ಹಾಕಬಹುದು. ನನ್ನಲ್ಲಿ ದಿನಕ್ಕೆ 7 ಲೀಟರ್ ಆರಿದರೆ ಅದರಿಂದ ಸಿಗುವುದು ಹೆಚ್ಚೆಂದರೆ 1.2 ಡಿಕೆಎಚ್, ಮಳೆ ಹಿಡಿದ ಮೇ ತಿಂಗಳಲ್ಲಿ 5 ಲೀಟರಿಗೆ ಇಳಿದರೆ 0.9 ಕೂಡ ದಾಟದು. ಹವಳಗಳು ಚಿಕ್ಕದಾಗಿದ್ದಾಗ ಇಷ್ಟು ಧಾರಾಳವಾಗಿತ್ತು, ಬೇಡಿಕೆ ಹೆಚ್ಚಿದ ಮೇಲೆ ಸಾಲದಾಯಿತು.

ಇನ್ನು ಅವಘಡ. ಒಂದು ರಾತ್ರಿ ಸಂಪಿನ ಫ್ಲೋಟ್ ಸ್ವಿಚ್ಚಿನ ಮೇಲೆ ಬಸವನಹುಳುವೊಂದು ಅಂಟಿಕೊಂಡು, ನೀರು ತುಂಬಿದ ಮೇಲೂ ಪಂಪು ನಿಲ್ಲದೆ, ಸುಮಾರು 10 ಲೀಟರ್ ತಿಳಿ ಒಳಗೆ ಹೋಯಿತು. ಬೆಳಿಗ್ಗೆ ನೋಡಿದಾಗ ನೀರು ಮಂಜು ಕವಿದಂತಿತ್ತು, ಪಿಎಚ್ 8.8 ತೋರಿಸುತ್ತಿತ್ತು. ಕಿಟಕಿ ತೆರೆದು, ಗಾಳಿಪಂಪು ಹಚ್ಚಿ, ಬಿಳಿ ವಿನೆಗರನ್ನು ಸಂಪಿಗೆ ಸ್ವಲ್ಪ ಸ್ವಲ್ಪವಾಗಿ ಹನಿಸಿ ಸಂಜೆಯೊಳಗೆ 8.3ಕ್ಕೆ ತಂದೆ. ಮೀನುಗಳಿಗೆ ಏನೂ ಆಗಲಿಲ್ಲ. ಎರಡು ಅಕ್ರೊಪೊರಾಗಳು ತುದಿ ಕಳೆದುಕೊಂಡವು. ಅಂದಿನಿಂದ ಒಂದರ ಬದಲು ಎರಡು ಸ್ವಿಚ್ಚುಗಳು ಸಾಲಾಗಿ ಕೂತಿವೆ, ಪಂಪು ಗಂಟೆಗೆ ಮೂರು ನಿಮಿಷಕ್ಕಿಂತ ಹೆಚ್ಚು ಓಡದಂತೆ ಟೈಮರ್ ಇದೆ, ಮತ್ತು ತಿಳಿಯ ಡ್ರಮ್ಮನ್ನು ಬೇಕೆಂತಲೇ ಚಿಕ್ಕದಕ್ಕೆ ಬದಲಿಸಿದ್ದೇನೆ.

ಕ್ಯಾಲ್ಸಿಯಂ ರಿಯಾಕ್ಟರನ್ನು ಕೊಂಡದ್ದು ಈ ಕಹಿಯಿಂದ ಎಂದರೂ ತಪ್ಪಿಲ್ಲ. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್, ಪಿಎಚ್ ಕಡ್ಡಿ ಎಲ್ಲ ಸೇರಿ ನನಗೆ 900 ಡಾಲರ್ ಬಿತ್ತು. ಡೋಸಿಂಗ್ ಪಂಪಿಗೆ ಅದರ ಮೂರರಲ್ಲೊಂದು ಪಾಲೂ ಆಗಿರಲಿಲ್ಲ. ಒಳಗಿನ ಪಿಎಚ್ಚನ್ನು 6.5ರ ಹತ್ತಿರ ಹಿಡಿದರೆ ಹವಳದ ಚೂರು ಕರಗಿ, ಹೊರಬರುವ ನೀರು 30 ಡಿಕೆಎಚ್ ಇರುತ್ತದೆ. ನಿಮಿಷಕ್ಕೆ ಸುಮಾರು 40 ಮಿಲಿಲೀಟರ್ ಹರಿದರೆ ನನ್ನ ತೊಟ್ಟಿಯ 2 ಡಿಕೆಎಚ್ ಬೇಡಿಕೆ ತೀರಿತು. ಉಪ್ಪು ಏರುವುದಿಲ್ಲ, ದಿನವೂ ಕಲಸುವ ಕೆಲಸವಿಲ್ಲ, ಚೂರುಗಳಲ್ಲಿದ್ದ ಮೆಗ್ನೀಸಿಯಂ ಕೂಡ ಜತೆಗೆ ಬರುತ್ತದೆ. ಸರಿಯಾಗಿ ಕೂತ ತಿಂಗಳುಗಳಲ್ಲಿ ಆಲ್ಕಲಿನಿಟಿ ಅಲುಗಾಡಲಿಲ್ಲ. ಆದರೆ ಸರಿಯಾಗಿ ಕೂರಿಸುವುದಕ್ಕೇ ನನಗೆ ಐದು ವಾರ ಹಿಡಿಯಿತು, ಅನಿಲದ ಹರಿವನ್ನು ಹದಗೊಳಿಸುವ ನೀಡಲ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗುಳ್ಳೆಗಳ ಎಣಿಕೆ ದುಪ್ಪಟ್ಟಾಗುತ್ತಿತ್ತು, ಹೊರಹರಿವಿನ ಕೊಳವೆಯಲ್ಲಿ ಕೆಸರು ಕಟ್ಟಿ ಹರಿವು ತಾನಾಗಿ ಕುಗ್ಗುತ್ತಿತ್ತು. ಮುಖ್ಯ ತಕರಾರು ಮತ್ತೆ ಪಿಎಚ್‌ನದೇ: ಕರಗಿಸಲು ಬಳಸಿದ ಅನಿಲದ ಉಳಿಕೆ ತೊಟ್ಟಿಗೆ ಸೇರಿ, ಬೆಳಗಿನ ಪಿಎಚ್ ಮತ್ತೆ 7.8ಕ್ಕೆ ಇಳಿಯಿತು. ಗಾಳಿಗುಳ್ಳೆಗಳಿಂದ ನೀರಿನ ಕಲ್ಮಶವನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಗಾಳಿಕೊಳವೆಯನ್ನು ಗೋಡೆಯಾಚೆ ಹೊರಗಾಳಿಗೆ ಒಯ್ದ ಮೇಲೆ 7.95ರವರೆಗೆ ಚೇತರಿಸಿತಾದರೂ ಸುಣ್ಣದ ತಿಳಿಯ ಕಾಲದ ಅಂಕಿ ಮತ್ತೆ ಸಿಗಲಿಲ್ಲ.

ಇಷ್ಟೂ ಆದ ಮೇಲೆ ನನ್ನ ಆಯ್ಕೆ ಸುಣ್ಣದ ತಿಳಿಯೇ, ಅದರ ಕೊರತೆಗೆ ಟೂ-ಪಾರ್ಟ್. ದಿನದ ಬೇಡಿಕೆಯಲ್ಲಿ 1.2ರವರೆಗಿನ ಪಾಲನ್ನು ತಿಳಿ ಹೊರುತ್ತದೆ, ಉಳಿದದ್ದಕ್ಕೆ ಡಬ್ಬಿಗಳಿಂದ ತಲಾ 100ರಿಂದ 140 ಮಿಲಿಲೀಟರ್ ಸಾಕು. ಉಪ್ಪಿನ ಏರಿಕೆ ಅರ್ಧದಷ್ಟಾಗಿ, ವಾರದ ನೀರು ಬದಲಾವಣೆಯಲ್ಲೇ ಸರಿಹೋಗುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ಇನ್ನೊಂದು ಒಂದೆರಡು ದಿನ ತಳ್ಳುತ್ತದೆ. ರಿಯಾಕ್ಟರ್ ಒಂದನ್ನೇ ನಂಬಿದ್ದಾಗ ಸಿಲಿಂಡರ್ ಮುಗಿದರೆ ಎಲ್ಲವೂ ಮುಗಿದಂತೆಯೇ. ದಿನಕ್ಕೆ 1 ಡಿಕೆಎಚ್‌ಗಿಂತ ಕಡಿಮೆ ಬೇಡುವ ತೊಟ್ಟಿ ಇದ್ದವರು ಬರೀ ಸುಣ್ಣದಲ್ಲೇ ನಿಲ್ಲಬಹುದು. ಅದನ್ನು ತಿಳಿಯಲು ಎರಡು ದಿನ ಏನನ್ನೂ ಹಾಕದೆ, ಒಂದೇ ಹೊತ್ತಿಗೆ ಆಲ್ಕಲಿನಿಟಿ ಅಳೆದು ವ್ಯತ್ಯಾಸ ನೋಡಬೇಕು. ಈ ಕೆಲಸವನ್ನು ಯಂತ್ರ ಕೊಳ್ಳುವ ಮೊದಲೇ ಮಾಡಿದ್ದರೆ ನನ್ನ 900 ಡಾಲರ್ ಉಳಿಯುತ್ತಿತ್ತೇನೋ.

ಊರಿನಲ್ಲಿರುವ ಗೆಳೆಯರು ಇದನ್ನು ಓದಿ ಹವಳಗಳಿರುವ ನೇತ್ರಾಣಿ ದ್ವೀಪದ ಕಡೆ ಕಣ್ಣು ಹಾಯಿಸದಿರಲಿ ಎಂದು ಒಂದು ಮಾತು: ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನನ್ನಲ್ಲಿರುವುದೆಲ್ಲ ಇಲ್ಲಿನ ಹವ್ಯಾಸಿಗಳ ತೊಟ್ಟಿಗಳಲ್ಲೇ ಬೆಳೆದು, ಕತ್ತರಿಸಿ ಹಂಚಿಕೊಂಡ ತುಂಡುಗಳು.

ರಿಯಾಕ್ಟರ್ ಸದ್ಯ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಕೂತಿದೆ. ಬೇಡಿಕೆ ದಿನಕ್ಕೆ 3 ಡಿಕೆಎಚ್ ದಾಟಿದರೆ ಅದನ್ನು ಮತ್ತೆ ಇಳಿಸಿ, ಸುಣ್ಣದ ತಿಳಿಯ ಜತೆಗೇ ಓಡಿಸಬೇಕೆಂದಿದ್ದೇನೆ. ಕಳೆದ ಭಾನುವಾರ ಅಳೆದಾಗ 2.3 ಇತ್ತು.