ಎಂಜಿಬಿ ಕಾರಿನ ಮೂಲ ತಗಡು ಉಳಿಸಿಕೊಟ್ಟ ವರ್ಕ್‌ಶಾಪು

ನನ್ನ 1964ರ ಎಂಜಿಬಿ ರೋಡ್‌ಸ್ಟರ್ ಎಂಬ, ಗಟ್ಟಿ ಛಾವಣಿಯಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾಡಿ ಕೆಲಸವನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಈ ಕಾರು ತಯಾರಾಗುತ್ತಿದ್ದ ಆ್ಯಬಿಂಗ್ಡನ್ ಊರು ಅಲ್ಲಿಂದ ದೂರವೇನಲ್ಲ. ಮುಂದೆ ಒಂದೆರಡು ದೂರುಗಳನ್ನೂ ಹೇಳುವುದಿದೆಯಾದ್ದರಿಂದ ಹೆಸರು ಬರೆಯುತ್ತಿಲ್ಲ.

ಎಂಜಿಬಿಗೆ ಹೊಸ ತಗಡಿನ ಬರವಿಲ್ಲ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿದು. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು 1988ರಿಂದ ಇದರ ಇಡೀ ಬಾಡಿ ಶೆಲ್ಲನ್ನೇ, ಅಂದರೆ ಕಾರಿನ ಬರಿಯ ತಗಡಿನ ಮೈಯನ್ನೇ, ಹೊಸದಾಗಿ ಮಾಡಿ ಮಾರುತ್ತಿದೆ. ಹಾಗಾಗಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸೋಣ ಎನ್ನುವ ಗ್ಯಾರೇಜುಗಳೇ ಹೆಚ್ಚು; ನಾನು ವಿಚಾರಿಸಿದ ಮೂರರಲ್ಲಿ ಎರಡು ಕಡೆ ಅದೇ ಮಾತು ಬಂತು. ಆದರೆ 1965ರಲ್ಲಿ ಗುಂಡಿ ಒತ್ತಿ ತೆರೆಯುವ ಬಾಗಿಲು ಬರುವ ಮೊದಲಿನ ಎಳೆಯುವ ಹಿಡಿಕೆಗಳೂ ಅಲ್ಯೂಮಿನಿಯಂ ಬಾನೆಟ್ಟೂ ನನ್ನ ಕಾರಿನಲ್ಲಿ ಹಾಗೆಯೇ ಉಳಿದಿದ್ದವು. ಅವನ್ನೇ ಕಳೆದುಕೊಳ್ಳುವುದಾದರೆ 1964ರ ಕಾರೇ ಏಕೆ ಬೇಕು?

ಈ ವರ್ಕ್‌ಶಾಪಿನವರು ಮೊದಲ ದಿನ ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಬಾಡಿಯ ಮೇಲೆ ನಿಧಾನವಾಗಿ ಸರಿಸಿದರು. ಮುಂದಿನ ವಿಂಗಿನ, ಅಂದರೆ ಚಕ್ರವನ್ನು ಮುಚ್ಚುವ ಪಕ್ಕದ ತಗಡಿನ, ನೆತ್ತಿಯಲ್ಲಿ, ಹೆಡ್‌ಲೈಟಿನ ಹಿಂದೆ, ಅದು ಹಿಡಿತ ಬಿಟ್ಟು ಕೈಗೆ ಬಂತು. ಅಲ್ಲಿದ್ದದ್ದು ತಗಡಲ್ಲ, ಅರ್ಧ ಇಂಚು ಪುಟ್ಟಿ. ಚಕ್ರ ಎರಚಿದ ಮಣ್ಣು ಒಳಬದಿಯಲ್ಲಿ ಕೂತು ತೇವ ಹಿಡಿದಿಡುವುದರಿಂದ ಅಲ್ಲಿಗೆ ತುಕ್ಕು ಬೇಗ ಹತ್ತುತ್ತದೆ. ಬಣ್ಣವನ್ನು ರಾಸಾಯನಿಕ ಬಳಿದು ಕೈಯಿಂದಲೇ ಕೆರೆದರು. ರಭಸವಾಗಿ ಮರಳು ಚಿಮ್ಮಿಸಿ ಬಣ್ಣ ತೆಗೆಯುವ ಬ್ಲಾಸ್ಟಿಂಗ್ ಚಪ್ಪಟೆ ತಗಡನ್ನು ಸೊಟ್ಟಗಾಗಿಸುತ್ತದೆ ಎಂಬುದು ಅವರ ವಾದ, ಅದು ಸರಿಯೇ.

ಸಿಲ್‌ಗಳನ್ನು, ಅಂದರೆ ಬಾಗಿಲುಗಳ ಕೆಳಗಿನ ಉದ್ದನೆಯ ತಗಡಿನ ಪಟ್ಟಿಗಳನ್ನು, ಉಳಿಸಲಾಗಲಿಲ್ಲ. ಛಾವಣಿಯಿಲ್ಲದ ಈ ಕಾರಿನ ಬೆನ್ನೆಲುಬೇ ಸಿಲ್ ಆದ್ದರಿಂದ, ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದು, ಪ್ರತಿ ಹಂತದಲ್ಲೂ ಬಾಗಿಲನ್ನು ಕೂರಿಸಿ ಸಂದು ಅಳೆದರು. ಇದನ್ನು ಮಾಡದೆ ಸಿಲ್ ಬದಲಿಸಿದ ಕಾರುಗಳು ಮಧ್ಯದಲ್ಲಿ ಜಗ್ಗಿ, ಬಾಗಿಲು ಮುಚ್ಚದಂತಾಗಿರುವುದನ್ನು ನಾನು ಕಂಡಿದ್ದೇನೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೀಸದ ಕೆಲಸ. ವಿಂಗಿನ ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಹೊಸ ತುಂಡನ್ನು ಅಂಚಿಗೆ ಅಂಚು ತಾಗಿಸಿ ಬೆಸೆದ ಮೇಲೆ, ನಮ್ಮಲ್ಲಿ ತಾಮ್ರದ ಹಂಡೆಗೆ ಕಲಾಯಿ ಹಾಕುವ ಹಾಗೆಯೇ ಬೆಸುಗೆಯ ಗೆರೆಗೆ ಮೊದಲು ತವರ ಸವರಿದರು. ಬಳಿಕ ಸೀಸದ ಕಡ್ಡಿಯನ್ನು ಬೆಣ್ಣೆಯಂತೆ ಮೆದುವಾಗುವಷ್ಟು ಮಾತ್ರ ಕಾಯಿಸಿ, ಕೊಬ್ಬು ಸವರಿದ ಮರದ ಹಲಗೆಯಿಂದ ಒತ್ತಿ ಹರಡಿದರು. ದೂಳು ವಿಷವಾದ್ದರಿಂದ ಅದನ್ನು ಯಂತ್ರದಿಂದ ಉಜ್ಜದೆ ಅರದಿಂದಲೇ ಮಟ್ಟಮಾಡಿದರು. ಬೆರಳಾಡಿಸಿ ನೋಡಿದರೆ ಬೆಸುಗೆ ಎಲ್ಲಿದೆಯೆಂದು ನನಗೆ ತಿಳಿಯಲಿಲ್ಲ.

ಬಣ್ಣದ ಕೆಲಸ ಈ ಮಟ್ಟದ್ದಾಗಿರಲಿಲ್ಲ. ಕೆಂಪು ತೆಳುವಾಗಿ ಮುಚ್ಚುವ ಬಣ್ಣ, ಕೆಳಗಿನ ಪ್ರೈಮರ್ ಯಾವುದೋ ಅದರ ಛಾಯೆ ಮೇಲೆ ಬರುತ್ತದೆ. ಅಲ್ಯೂಮಿನಿಯಂ ಬಾನೆಟ್ಟಿಗೆ ಬೇರೆ ಪ್ರೈಮರ್ ಹೊಡೆದು, ಅದರ ಮೇಲೆ ನೇರವಾಗಿ ಟಾರ್ಟನ್ ರೆಡ್ ಎಂಬ ಕೆಂಪು ಬಣ್ಣ ಸಿಂಪಡಿಸಿದ್ದರಿಂದ ಬಾನೆಟ್ಟು ಒಂದು ಬಗೆ, ವಿಂಗು ಒಂದು ಬಗೆ ಕಂಡವು. ವರ್ಕ್‌ಶಾಪಿನ ದೀಪದಡಿ ಸರಿಯಾಗಿಯೇ ಇದ್ದ ಬಣ್ಣದ ಬಣ್ಣ ಬಯಲಾದದ್ದು ಬಿಸಿಲಿನಲ್ಲಿ. ತಪ್ಪನ್ನು ಒಪ್ಪಿಕೊಂಡು ಹಣ ಕೇಳದೆ ಮತ್ತೆ ಹೊಡೆದುಕೊಟ್ಟರು, ಆದರೆ ಮೊದಲೇ ತಡವಾಗಿದ್ದ ಕೆಲಸಕ್ಕೆ ಇನ್ನೂ ಮೂರು ವಾರ ಸೇರಿತು. ತಡವಾಗುವುದನ್ನು ಅವರಾಗಿ ಒಮ್ಮೆಯೂ ತಿಳಿಸಲಿಲ್ಲ. ಪ್ರತಿ ಸಲ ನಾನೇ ಫೋನ್ ಮಾಡಬೇಕಾಯಿತು.

ಒಟ್ಟು ಖರ್ಚು ಹೊಸ ತಗಡು ಹಾಕಿಸುವುದಕ್ಕಿಂತ ಹೆಚ್ಚೇ ಆಯಿತು, ಏಕೆಂದರೆ ಇಲ್ಲಿ ಬೆಲೆಯಿರುವುದು ತಗಡಿಗಲ್ಲ, ಗಂಟೆಗಳಿಗೆ. ಬಿಲ್ಲಿನಲ್ಲಿ ಪ್ರತಿ ಗಂಟೆಗೂ ಲೆಕ್ಕವಿತ್ತು. ಕತ್ತರಿಸಿ ತೆಗೆದ ತುಂಡುಗಳನ್ನೂ ಒಂದು ಚೀಲದಲ್ಲಿ ತುಂಬಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಕೊಟ್ಟರು.