ಶಾಲಾ ಮಕ್ಕಳ ಇಂಗ್ಲಿಷ್ ಓದಿಗೆ ಆಂಕಿ: ಹಲವು ವರ್ಷಗಳ ಬಳಕೆಯ ಬಳಿಕ ಒಂದು ವಿಮರ್ಶೆ

ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಗದ್ಯಭಾಗಗಳನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಮಾಡಿಸುವಾಗ ನಾನು ಹಲವು ವರ್ಷಗಳಿಂದ ಆಂಕಿ ಎಂಬ ಕಾರ್ಡ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ಇದರ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಹೆಚ್ಚಿನವು ವೈದ್ಯಕೀಯ ವಿದ್ಯಾರ್ಥಿಗಳೋ, ಸ್ವಂತ ಆಸಕ್ತಿಯಿಂದ ಹೊಸ ಭಾಷೆ ಕಲಿಯುವ ವಯಸ್ಕರೋ ಬರೆದವು. ಹನ್ನೆರಡು, ಹದಿನಾಲ್ಕರ ಮಗುವಿನ ಕೈಯಲ್ಲಿ, ಅದರಲ್ಲೂ ಓದಿನ ಗ್ರಹಿಕೆಗಾಗಿ ಇದು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ವಿವರವಾಗಿ ಬರೆದವರು ಕಡಿಮೆ; ಆ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮಗು ತಾನೇ ಓದಿದ ಗದ್ಯಭಾಗದಿಂದ ಆಯ್ದ ಪದಗಳು ಅದೇ ವಾಕ್ಯದ ಸಮೇತ ಕಾರ್ಡಿಗೆ ಇಳಿದರೆ, ಇದಕ್ಕಿಂತ ಉಪಯುಕ್ತವಾದ ಸಾಧನವನ್ನು ನಾನು ಕಂಡಿಲ್ಲ; ಬೇರೆ ಯಾರೋ ಸಿದ್ಧಪಡಿಸಿದ ಪದಪಟ್ಟಿಯನ್ನು ತುಂಬಿಸಿ ಮಗುವಿಗೆ ಒಪ್ಪಿಸಿದರೆ, ಅದೇ ಸಾಧನದಿಂದ ಓದಿಗೆ ಸಿಗುವ ನೆರವು ತೀರಾ ಅಲ್ಪ.

ಡೇಮಿಯನ್ ಎಲ್ಮ್ಸ್ ಅವರು 2006ರಲ್ಲಿ ಹೊರತಂದ ಈ ತಂತ್ರಾಂಶದ ತತ್ವ ಸರಳವಾದದ್ದು. ಕಾರ್ಡಿನ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಉತ್ತರವನ್ನು ಮನಸ್ಸಿನಲ್ಲೇ ನೆನಪಿಸಿಕೊಂಡು ಕಾರ್ಡನ್ನು ತಿರುಗಿಸಿ, ನೆನಪು ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಗುಂಡಿ ಒತ್ತಿ ತಿಳಿಸಿದರೆ, ಆ ಕಾರ್ಡು ಮತ್ತೆ ಯಾವಾಗ ಬರಬೇಕೆಂಬುದನ್ನು ತಂತ್ರಾಂಶವೇ ನಿರ್ಧರಿಸುತ್ತದೆ. ಕಲಿತದ್ದು ಮೊದಮೊದಲು ಬೇಗನೆ, ಬರಬರುತ್ತಾ ನಿಧಾನವಾಗಿ ಮರೆಯಾಗುತ್ತದೆ ಎಂಬುದನ್ನು ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೇ ಪ್ರಯೋಗ ನಡೆಸಿ ತೋರಿಸಿದ್ದರು. ಆಂಕಿಯ ಹಳೆಯ ಲೆಕ್ಕಾಚಾರವು ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ರೂಪಿಸಿದ ಸೂತ್ರವನ್ನು ಆಧರಿಸಿದ್ದು; 2023ರಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರವೂ ಅದರೊಳಗೇ ಸೇರಿದೆ. ನೂರರಲ್ಲಿ ತೊಂಬತ್ತು ಕಾರ್ಡುಗಳು ನೆನಪಿನಲ್ಲಿರಬೇಕು ಎಂಬ ಗುರಿಯನ್ನು ಅದು ಮೊದಲೇ ಇಟ್ಟುಕೊಂಡಿರುತ್ತದೆ. ಆ ಗುರಿಯನ್ನು ಏರಿಸುವ ಆಸೆ ಪೋಷಕರಿಗೆ ಸಹಜವಾಗಿ ಬರುತ್ತದೆ. ಆದರೆ ಏರಿಸಿದಷ್ಟೂ ದಿನದ ಪುನರಾವರ್ತನೆಯ ಹೊರೆ ಬೆಳೆಯುತ್ತದೆ, ಓದಿಗೆ ಮೀಸಲಾದ ಸಮಯವನ್ನು ಅದು ನುಂಗುತ್ತದೆ. ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಸಿದ್ಧ ಪದಪಟ್ಟಿಗಳನ್ನು ನಾನು ಏಕೆ ಒಪ್ಪುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಬದಿಯಲ್ಲಿ ಒಂಟಿ ಪದ, ಇನ್ನೊಂದು ಬದಿಯಲ್ಲಿ ಒಂದು ಅರ್ಥ ಇರುತ್ತದೆ. ಮಗುವಿಗೆ 'ಕರೆಂಟ್' ಎಂದರೆ ವಿದ್ಯುತ್ ಎಂದು ಮೊದಲೇ ಗೊತ್ತಿರುತ್ತದೆ. ಪಟ್ಟಿಯಲ್ಲಿ 'ಸದ್ಯದ' ಎಂಬ ಇನ್ನೊಂದು ಅರ್ಥವೂ ಸಿಗಬಹುದು. ಆದರೆ ನದಿಯ ಕುರಿತಾದ ಗದ್ಯಭಾಗದಲ್ಲಿ 'ದಿ ಬೋಟ್ ಡ್ರಿಫ್ಟೆಡ್ ವಿತ್ ದಿ ಕರೆಂಟ್' ಎಂಬ ವಾಕ್ಯ ಎದುರಾದಾಗ ಆ ಎರಡರಲ್ಲಿ ಯಾವುದೂ ಹೊಂದುವುದಿಲ್ಲ, ಮಗು ಗೊತ್ತಿರುವ ಅರ್ಥವನ್ನೇ ಒತ್ತಾಯದಿಂದ ಕೂರಿಸಿ ಮುಂದೆ ಹೋಗುತ್ತದೆ. ಇದು ಗೊತ್ತಿಲ್ಲದ ಪದಕ್ಕಿಂತ ಹೆಚ್ಚು ಹಾನಿಕರ, ಏಕೆಂದರೆ ಗೊತ್ತಿಲ್ಲದ ಪದದ ಮುಂದೆ ಮಗು ನಿಲ್ಲುತ್ತದೆ, ಗೊತ್ತಿದೆ ಎಂದುಕೊಂಡ ಪದದ ಮುಂದೆ ನಿಲ್ಲುವುದೇ ಇಲ್ಲ. ದೋಣಿಯ ಆ ವಾಕ್ಯವೇ ಕಾರ್ಡಿನಲ್ಲಿದ್ದರೆ, ಪ್ರತಿ ಬಾರಿ ಕಾರ್ಡು ಬಂದಾಗಲೂ ಪದದ ಜೊತೆಗೆ ನದಿ, ದೋಣಿ, ಹರಿವು ಎಲ್ಲವೂ ಒಟ್ಟಿಗೆ ನೆನಪಿಗೆ ಬರುತ್ತವೆ.

ಹಾಗಾದರೆ ಒಂದು ಗದ್ಯಭಾಗದಿಂದ ಎಷ್ಟು ಪದಗಳನ್ನು ಆಯಬೇಕು? ಇದಕ್ಕೆ ನನಗೆ ದಾರಿ ತೋರಿಸಿದ್ದು ಹು ಮತ್ತು ಪಾಲ್ ನೇಷನ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನ. ಯಾರ ಸಹಾಯವೂ ಇಲ್ಲದೆ ಒಂದು ಕಥೆಯನ್ನು ಸಾಕಷ್ಟು ಅರ್ಥಮಾಡಿಕೊಳ್ಳಬೇಕಾದರೆ ಅದರಲ್ಲಿನ ಪದಗಳಲ್ಲಿ ಸುಮಾರು ಶೇಕಡಾ 98ರಷ್ಟು ಓದುಗನಿಗೆ ಪರಿಚಿತವಾಗಿರಬೇಕು ಎಂಬುದು ಅವರ ಅಂದಾಜು. ಮುನ್ನೂರು ಪದಗಳ ಗದ್ಯಭಾಗದಲ್ಲಿ ಇದು ಆರು ಅಪರಿಚಿತ ಪದಗಳಿಗೆ ಸಮ. ಆದ್ದರಿಂದ ಮಗು ಪೆನ್ಸಿಲ್ ಹಿಡಿದು ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯುತ್ತಾ ಓದಲಿ. ಗೆರೆಗಳು ಆರರ ಆಸುಪಾಸಿನಲ್ಲಿದ್ದರೆ ಆ ಭಾಗ ಸ್ವಂತ ಓದಿಗೆ ತಕ್ಕದ್ದು, ಆ ಪದಗಳೇ ಕಾರ್ಡುಗಳಾಗಬಹುದು. ಗೆರೆಗಳು ಇಪ್ಪತ್ತನ್ನು ಮುಟ್ಟಿದರೆ ಆ ಭಾಗವನ್ನು ದೊಡ್ಡವರು ಜೊತೆಗೆ ಕುಳಿತು ಓದಿಸಬೇಕು. ಇಪ್ಪತ್ತು ಪದಗಳನ್ನೂ ಕಾರ್ಡಿಗೆ ಸುರಿಯುವುದರಿಂದ ಏನೂ ಪ್ರಯೋಜನವಿಲ್ಲ. ಗೆರೆ ಎಳೆದ ಆರರಲ್ಲೂ ಎಲ್ಲವೂ ಸಮಾನ ಯೋಗ್ಯವಲ್ಲ. ಇಸಬೆಲ್ ಬೆಕ್ ಮತ್ತು ಅವರ ಸಹೋದ್ಯೋಗಿಗಳು ಪದಗಳನ್ನು ಮೂರು ಹಂತಗಳಾಗಿ ವಿಂಗಡಿಸುತ್ತಾರೆ: ದಿನನಿತ್ಯದ ಮಾತಿನ ಪದಗಳು, ಬೇರೆ ಬೇರೆ ವಿಷಯಗಳ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುವ ಪದಗಳು, ಒಂದೇ ವಿಷಯಕ್ಕೆ ಸೀಮಿತವಾದ ಪಾರಿಭಾಷಿಕ ಪದಗಳು. ಕಾರ್ಡಿಗೆ ಮೊದಲು ಬರಬೇಕಾದವು ನಡುವಿನ ಹಂತದವು. 'ರಿಲಕ್ಟಂಟ್', 'ಅಬಂಡಂಟ್', 'ಮೇಂಟೇನ್' ಮುಂತಾದವು ಇಂದಿನ ಕಥೆಯಲ್ಲಿ ಬಂದರೆ ನಾಳಿನ ವಿಜ್ಞಾನ ಲೇಖನದಲ್ಲೂ ಬಂದೇ ಬರುತ್ತವೆ. ಜ್ವಾಲಾಮುಖಿಯ ಪಾಠದಲ್ಲಿ ಬರುವ ಯಾವುದೋ ಶಿಲೆಯ ಹೆಸರನ್ನು ಆ ಹೊತ್ತಿಗೆ ಅಂಚಿನಲ್ಲಿ ಬರೆದುಕೊಂಡರೆ ಸಾಕು.

ಈ ತಂತ್ರಾಂಶದಲ್ಲಿ ನಾನು ಬಹುವಾಗಿ ಮೆಚ್ಚಿದ್ದು 'ಕ್ಲೋಜ್' ಎಂಬ ಕಾರ್ಡಿನ ಬಗೆ: ವಾಕ್ಯದಲ್ಲಿ ಒಂದು ಪದವನ್ನು ಮರೆಮಾಡಿ ಅದನ್ನು ತುಂಬಲು ಕೇಳುವುದು. ಈ ವಿಧಾನ ಹುಟ್ಟಿದ್ದೇ ಓದಿನ ಅಳತೆಗಾಗಿ; ಒಂದು ಬರಹ ಓದುಗನಿಗೆ ಎಷ್ಟು ಸುಲಭ ಎಂಬುದನ್ನು ತಿಳಿಯಲು ವಿಲ್ಸನ್ ಟೇಲರ್ 1953ರಲ್ಲಿ ಇದನ್ನು ಮುಂದಿಟ್ಟರು. ಇದರ ನಿಜವಾದ ಬೆಲೆ ಗೊತ್ತಾಗುವುದು ದೊಡ್ಡ ಪದಗಳಲ್ಲಿ ಅಲ್ಲ, ವಾಕ್ಯಗಳನ್ನು ಬೆಸೆಯುವ ಸಣ್ಣ ಪದಗಳಲ್ಲಿ. 'ಅನ್‌ಲೆಸ್', 'ಡಿಸ್ಪೈಟ್', 'ವೇರ್‌ಆ್ಯಸ್', 'ದೇರ್‌ಫೋರ್' ಇವುಗಳನ್ನು ಯಾವ ಮಗುವೂ ಗೊತ್ತಿಲ್ಲದ ಪದವೆಂದು ಗೆರೆ ಎಳೆಯುವುದಿಲ್ಲ. 'ದಿ ಸೀಡ್ಸ್ ವಿಲ್ ನಾಟ್ ಸ್ಪ್ರೌಟ್ ಅನ್‌ಲೆಸ್ ದಿ ಸಾಯಿಲ್ ಈಸ್ ವಾರ್ಮ್' ಎಂಬ ವಾಕ್ಯದ ಪ್ರತಿಯೊಂದು ಪದಕ್ಕೂ ಅರ್ಥ ಹೇಳಬಲ್ಲ ಮಗು, ಮಣ್ಣು ತಣ್ಣಗಿದ್ದರೆ ಬೀಜಗಳಿಗೆ ಏನಾಗುತ್ತದೆ ಎಂದು ಕೇಳಿದಾಗ ಮೊಳೆಯುತ್ತವೆ ಎಂದು ಉತ್ತರಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಪಠಿತ ಗದ್ಯಭಾಗದ ಪ್ರಶ್ನೆಗಳಲ್ಲಿ ತಪ್ಪುಗಳು ಬಹಳಷ್ಟು ಬಾರಿ ಇಂಥ ಒಂದು ಪದದ ಬಳಿಯೇ ಆಗುತ್ತವೆ, ನಾವು ಮಾತ್ರ ಮಗುವಿಗೆ ಪದಸಂಪತ್ತು ಸಾಲದು ಎಂದು ಬೇರೆಲ್ಲೋ ಹುಡುಕುತ್ತಿರುತ್ತೇವೆ. ಈ ಪದಗಳನ್ನು ಮರೆಮಾಡಿದ ಕಾರ್ಡುಗಳು ಮಗುವನ್ನು ವಾಕ್ಯದ ಎರಡು ಭಾಗಗಳ ನಡುವಿನ ಸಂಬಂಧವನ್ನು ಯೋಚಿಸುವಂತೆ ಮಾಡುತ್ತವೆ. ನನ್ನ ಮಟ್ಟಿಗೆ ಆಂಕಿಯಿಂದ ಓದಿನ ಗ್ರಹಿಕೆಗೆ ನೇರವಾಗಿ ಆದ ಲಾಭ ಇದೊಂದೇ ಆಗಿದ್ದರೂ ನಾನು ಅದನ್ನು ಬಿಡುತ್ತಿರಲಿಲ್ಲ.

ಈ ಬಗೆಯ ಕಾರ್ಡಿಗೆ ಎರಡು ತೊಡಕುಗಳಿವೆ. ಮೊದಲನೆಯದು, ಖಾಲಿ ಜಾಗಕ್ಕೆ ಒಂದಕ್ಕಿಂತ ಹೆಚ್ಚು ಪದಗಳು ಹೊಂದಬಹುದು. ಮೇಲಿನ ವಾಕ್ಯದಲ್ಲೇ 'ಅನ್ಟಿಲ್' ಎಂದರೂ ನಡೆಯುತ್ತದೆ. ಖಾಲಿ ಜಾಗದಲ್ಲಿ ಸಣ್ಣ ಸುಳಿವೊಂದನ್ನು ತೋರಿಸುವ ಅನುಕೂಲ ತಂತ್ರಾಂಶದಲ್ಲಿದೆ, ಕೊನೆಯ ಅಕ್ಷರ ಕೊಟ್ಟರೂ ಸಾಕಾಗುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು: ಕೆಲವು ವಾರಗಳಲ್ಲಿ ಮಗು ವಾಕ್ಯವನ್ನು ಓದುವುದನ್ನೇ ಬಿಟ್ಟು, ಮೊದಲ ಎರಡು ಪದಗಳ ಗುರುತು ಹಿಡಿದು ಉತ್ತರ ಹೇಳಲಾರಂಭಿಸುತ್ತದೆ. ಕಾರ್ಡು ಮರಳಿ ಬರುವ ಅಂತರ ಒಂದು ತಿಂಗಳನ್ನು ದಾಟಿದ ಮೇಲೆ ಹಳೆಯ ವಾಕ್ಯವನ್ನು ತೆಗೆದು, ಅದೇ ಪದ ಬಂದಿರುವ ಇನ್ನೊಂದು ಗದ್ಯಭಾಗದ ವಾಕ್ಯವನ್ನು ಹಾಕುವುದೇ ಇದಕ್ಕೆ ಪರಿಹಾರ. ಹಾಗೆ ಬದಲಿಸಿದರೂ ಕಾರ್ಡಿನ ವೇಳಾಪಟ್ಟಿ ಮೊದಲಿನಂತೆಯೇ ಮುಂದುವರಿಯುತ್ತದೆ. ಹೊಸ ವಾಕ್ಯದಲ್ಲಿ ಮಗು ಪದವನ್ನು ಗುರುತಿಸಿದರೆ ಮಾತ್ರ ಅದು ನಿಜವಾಗಿ ಕಲಿತಿದೆ ಎಂದು ನಾನು ನಂಬುತ್ತೇನೆ. ಉತ್ತರದ ಬದಿಯ ವಿವರಣೆಗೆ ಕಲಿಯುವವರಿಗಾಗಿಯೇ ರಚಿಸಿದ ನಿಘಂಟು ಬೇಕು. 1978ರಲ್ಲಿ ಮೊದಲು ಪ್ರಕಟವಾದ ಲಾಂಗ್‌ಮನ್ ನಿಘಂಟು ಸುಮಾರು ಎರಡು ಸಾವಿರ ಸರಳ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸುವ ನಿಯಮವನ್ನು ಪಾಲಿಸುತ್ತದೆ, ಅಂಥ ವಿವರಣೆ ಮಗುವಿಗೆ ತಾನೇ ಓದಿಕೊಳ್ಳುವಷ್ಟು ತಿಳಿಯಾಗಿರುತ್ತದೆ. ಅದರ ಕೆಳಗೆ ಕನ್ನಡದ ಅರ್ಥವನ್ನೂ ಬರೆಯಬಾರದು ಎನ್ನುವವರಿದ್ದಾರೆ. ಅರ್ಥ ಖಚಿತವಾಗುವುದಾದರೆ ಬರೆಯುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಬಳಕೆಯ ಕ್ರಮದಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕಾದ ಕೆಲವು ಸಂಗತಿಗಳಿವೆ. ಉತ್ತರ ತೋರಿಸಿದ ಮೇಲೆ 'ಅಗೇನ್', 'ಹಾರ್ಡ್', 'ಗುಡ್', 'ಈಸಿ' ಎಂಬ ನಾಲ್ಕು ಗುಂಡಿಗಳು ಬರುತ್ತವೆ. ಮರೆತುಹೋದಾಗ ಮಕ್ಕಳು 'ಹಾರ್ಡ್' ಒತ್ತುತ್ತಾರೆ, ಏಕೆಂದರೆ ಅವರ ದೃಷ್ಟಿಯಲ್ಲಿ ಅದು ಕಷ್ಟದ ಪದ. ತಂತ್ರಾಂಶ ಮಾತ್ರ ಅದನ್ನು ಕಷ್ಟಪಟ್ಟು ನೆನಪಿಗೆ ಬಂದ ಪದವೆಂದು ಓದಿಕೊಂಡು ಕಾರ್ಡನ್ನು ಮುಂದಕ್ಕೆ ತಳ್ಳುತ್ತದೆ, ಇಡೀ ಲೆಕ್ಕಾಚಾರವೇ ಕೆಡುತ್ತದೆ. ನೆನಪಾಗದಿದ್ದರೆ 'ಅಗೇನ್', ನೆನಪಾದರೆ 'ಗುಡ್', ಉಳಿದೆರಡನ್ನು ಮುಟ್ಟಬಾರದು ಎಂಬ ನಿಯಮ ಮಕ್ಕಳಿಗೆ ಸಾಕು. ದಿನಕ್ಕೆ ಇಪ್ಪತ್ತು ಹೊಸ ಕಾರ್ಡುಗಳು ಎಂದು ತಂತ್ರಾಂಶವು ಮೊದಲೇ ನಿಗದಿಪಡಿಸಿರುವ ಮಿತಿ ಶಾಲೆಗೆ ಹೋಗುವ ಮಗುವಿಗೆ ತೀರಾ ಹೆಚ್ಚು, ಐದಕ್ಕೆ ಇಳಿಸಿ. ರಜೆಯ ನಂತರ ನೂರಾರು ಕಾರ್ಡುಗಳು ಬಾಕಿ ಬಿದ್ದಿರುವುದನ್ನು ಕಂಡ ಮಗು ತಂತ್ರಾಂಶವನ್ನು ಮತ್ತೆ ತೆರೆಯಲು ಹಿಂಜರಿಯುತ್ತದೆ. ಆಗ ಹೊಸ ಕಾರ್ಡುಗಳನ್ನು ಪೂರ್ತಿ ನಿಲ್ಲಿಸಿ, ಪುನರಾವರ್ತನೆಗೂ ಚಿಕ್ಕದೊಂದು ದಿನದ ಮಿತಿ ಹಾಕಿದರೆ ಕೆಲವೇ ವಾರಗಳಲ್ಲಿ ಬಾಕಿ ಕರಗುತ್ತದೆ.

ಎಂಟು ಬಾರಿ ಮರೆತ ಕಾರ್ಡಿಗೆ ತಂತ್ರಾಂಶವು 'ಲೀಚ್', ಅಂದರೆ ಜಿಗಣೆ ಎಂಬ ಗುರುತು ಹಚ್ಚುತ್ತದೆ. ಆ ಗುರುತು ಬಿದ್ದ ಕಾರ್ಡುಗಳನ್ನು ಶಿಕ್ಷಕರು ತಪ್ಪದೆ ನೋಡಬೇಕು. ಅವುಗಳಲ್ಲಿ ಹೆಚ್ಚಿನವು ಜೋಡಿಯಾಗಿ ಕಾಡುವ ಪದಗಳಾಗಿರುತ್ತವೆ, 'ಅಫೆಕ್ಟ್' ಮತ್ತು 'ಎಫೆಕ್ಟ್' ಇದ್ದ ಹಾಗೆ. ಎರಡನ್ನೂ ಒಟ್ಟಿಗೆ ತಿದ್ದಲು ಹೊರಟರೆ ಗೊಂದಲ ಇನ್ನಷ್ಟು ಬಲಿಯುತ್ತದೆ; ಒಂದನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಇನ್ನೊಂದು ಗಟ್ಟಿಯಾದ ಮೇಲೆ ಮರಳಿ ತರುವುದು ಉತ್ತಮ.

ಇಷ್ಟೆಲ್ಲ ಹೇಳಿದ ಮೇಲೂ ಆಂಕಿ ಓದುವುದನ್ನು ಕಲಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗದ್ಯಭಾಗದ ಮುಖ್ಯ ವಿಚಾರ ಯಾವುದು, ಲೇಖಕರು ನೇರವಾಗಿ ಹೇಳದೆ ಸೂಚಿಸಿರುವುದೇನು, ಎರಡನೆಯ ಪ್ಯಾರಾ ಮೊದಲನೆಯದಕ್ಕೆ ಹೇಗೆ ಉತ್ತರಿಸುತ್ತದೆ ಎಂಬುದೆಲ್ಲ ಕಾರ್ಡಿಗೆ ಇಳಿಯುವ ವಿಷಯಗಳಲ್ಲ. ವಿಷಯದ ಪೂರ್ವಜ್ಞಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಿದ ಮಕ್ಕಳ ಪೈಕಿ, ಆಟ ಚೆನ್ನಾಗಿ ಗೊತ್ತಿದ್ದ ದುರ್ಬಲ ಓದುಗರು ಆಟ ಗೊತ್ತಿಲ್ಲದ ಸಮರ್ಥ ಓದುಗರಿಗಿಂತ ಹೆಚ್ಚು ವಿಷಯವನ್ನು ನೆನಪಿಟ್ಟುಕೊಂಡಿದ್ದರು. ಹಾಗಾಗಿ ಒಂದೇ ವಿಷಯದ ಮೇಲೆ ಮೂರು ನಾಲ್ಕು ಗದ್ಯಭಾಗಗಳನ್ನು ಸಾಲಾಗಿ ಓದಿಸುವುದು ನನ್ನ ಪದ್ಧತಿ. ಇದರಿಂದ ವಿಷಯದ ತಿಳಿವು ಬೆಳೆಯುತ್ತದೆ, ಮೊದಲ ಭಾಗದಿಂದ ಆಯ್ದ ಪದಗಳು ಮುಂದಿನ ಭಾಗಗಳಲ್ಲಿ ತಾವಾಗಿಯೇ ಮರುಭೇಟಿಯಾಗುತ್ತವೆ, ಕಾರ್ಡಿಗೆ ಹೊಸ ವಾಕ್ಯವನ್ನು ಹುಡುಕುವ ಶ್ರಮವೂ ತಪ್ಪುತ್ತದೆ. ಅರ್ಧ ಗಂಟೆಯ ಅಭ್ಯಾಸದಲ್ಲಿ ಕಾರ್ಡುಗಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೋಗಬಾರದು, ಉಳಿದದ್ದು ಓದಿಗೆ ಮತ್ತು ಓದಿದ್ದರ ಬಗೆಗಿನ ಮಾತುಕತೆಗೆ ಸೇರಬೇಕು.

ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಫೋನ್‌ಗಳಲ್ಲಿ ತಂತ್ರಾಂಶ ಉಚಿತ. ಆಂಡ್ರಾಯ್ಡ್‌ನದ್ದನ್ನು ಸ್ವಯಂಸೇವಕರ ಬೇರೆಯೇ ತಂಡ ರೂಪಿಸುತ್ತದೆ. ಐಫೋನ್‌ನ ಅಧಿಕೃತ ಆ್ಯಪ್‌ಗೆ ಹಣ ಕೊಡಬೇಕು, ಬ್ರೌಸರ್ ಮೂಲಕವಾದರೆ ಅಲ್ಲೂ ಉಚಿತವಾಗಿ ಬಳಸಬಹುದು. ತೆರೆಯ ವಿನ್ಯಾಸ ಮಕ್ಕಳನ್ನು ಸೆಳೆಯುವಂಥದ್ದಲ್ಲ: ಅಂಕಗಳಿಲ್ಲ, ಬಹುಮಾನಗಳಿಲ್ಲ, ಬಣ್ಣದ ಬೊಂಬೆಗಳಿಲ್ಲ. ಆಟದ ರೂಪದ ಆ್ಯಪ್‌ಗಳಿಗೆ ಒಗ್ಗಿದ ಮಕ್ಕಳಿಗೆ ಇದು ಆರಂಭದಲ್ಲಿ ಸಪ್ಪೆಯೆನಿಸುತ್ತದೆ. ಆದರೆ ನಾಲ್ಕು ಆಯ್ಕೆಗಳಿಂದ ಒಂದನ್ನು ಗುರುತಿಸುವುದಕ್ಕೂ, ಏನೂ ಕಾಣದ ಕಡೆಯಿಂದ ಪದವನ್ನು ನೆನಪಿನಿಂದಲೇ ಎಳೆದು ತರುವುದಕ್ಕೂ ಬಹಳ ವ್ಯತ್ಯಾಸವಿದೆ, ಓದಿನ ಹೊತ್ತಿಗೆ ಒದಗುವುದು ಎರಡನೆಯದರಿಂದ ಬಂದ ಬಲ. ಫೋನ್ ಕೊಡಲು ಇಷ್ಟವಿಲ್ಲದ ಪೋಷಕರು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಪೆಟ್ಟಿಗೆಯ ವಿಧಾನವನ್ನು ಅನುಸರಿಸಬಹುದು. ನೆನಪಾದ ಕಾಗದದ ಕಾರ್ಡು ಮುಂದಿನ ಖಾನೆಗೆ, ಮರೆತದ್ದು ಮತ್ತೆ ಮೊದಲ ಖಾನೆಗೆ. ವಾಕ್ಯದೊಡನೆ ಪದವನ್ನು ಬರೆಯುವ ನಿಯಮ ಅಲ್ಲಿಯೂ ಅದೇ.

ಅಕ್ಷರಗಳನ್ನು ಕೂಡಿಸಿ ಇಂಗ್ಲಿಷ್ ಪದವನ್ನು ಸರಾಗವಾಗಿ ಉಚ್ಚರಿಸಲು ಇನ್ನೂ ತಡವರಿಸುವ ಮಗುವಿಗೆ ಮಾತ್ರ ನಾನು ಇದನ್ನು ಸೂಚಿಸುವುದಿಲ್ಲ. ಓದಿನ ಗ್ರಹಿಕೆಯು ಪದವನ್ನು ಗುರುತಿಸಿ ಓದುವ ಶಕ್ತಿ ಮತ್ತು ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇವೆರಡರ ಗುಣಲಬ್ಧ ಎಂದು ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ವಾದಿಸಿದರು; ಒಂದು ಸೊನ್ನೆಯ ಹತ್ತಿರವಿದ್ದರೆ ಇನ್ನೊಂದು ಎಷ್ಟಿದ್ದರೂ ಫಲ ಅಷ್ಟಕ್ಕಷ್ಟೆ. ಅಂಥ ಮಗುವಿಗೆ ಸದ್ಯಕ್ಕೆ ಬೇಕಾದದ್ದು ಜೊತೆಯಲ್ಲಿ ಕುಳಿತು ಗಟ್ಟಿಯಾಗಿ ಓದಿಸುವವರು. ಆ ಓದು ಸರಾಗವಾದ ಮೇಲೆ, ಮೊದಲ ಆರು ಕಾರ್ಡುಗಳನ್ನು ಮಗುವಿನ ಕೈಯಿಂದಲೇ ಬರೆಸಿ ಆಂಕಿಯನ್ನು ಆರಂಭಿಸಬಹುದು.