ಮುಲ್ವಾಡ್ ವಿಪಿಎನ್‌ನ ಡೈಟಾ: ಆಂಡ್ರಾಯ್ಡ್‌ನಲ್ಲಿ ಹಾಕುವ ಮುನ್ನ

ವಿಪಿಎನ್ (ನೆಟ್ ಸಂಚಾರವನ್ನು ಗುಟ್ಟಾಗಿಸಿ ಬೇರೊಂದು ಸರ್ವರ್ ಮೂಲಕ ಕಳಿಸುವ ಸೇವೆ) ಹಾಕಿದ ಮೇಲೆ ಮೊಬೈಲ್ ಕಂಪನಿಗೆ ಒಳಗಿನ ಮಾಹಿತಿ ಸಿಗುವುದಿಲ್ಲ. ಆದರೆ ಪ್ರತಿ ಪ್ಯಾಕೆಟ್ಟಿನ (ನೆಟ್‌ನಲ್ಲಿ ಹೋಗುವ ಡೇಟಾ ತುಣುಕಿನ) ಗಾತ್ರ, ಹೊರಟ ಸಮಯ, ಹೋದ ದಿಕ್ಕು ಎಲ್ಲವೂ ಕಾಣುತ್ತವೆ. ಯಾವ ಸೈಟು ತೆರೆದಿದ್ದೀರಿ ಎಂದು ಊಹಿಸಲು ಎಐಗೆ ಅಷ್ಟೇ ಸಾಕು.

ಸ್ವೀಡನ್ನಿನ ವಿಪಿಎನ್ ಕಂಪನಿ ಮುಲ್ವಾಡ್ ಇದನ್ನು ತಡೆಯಲೆಂದೇ 2024ರಲ್ಲಿ ಡೈಟಾ (DAITA, ಎಐ ನೆರವಿನ ಸಂಚಾರ ವಿಶ್ಲೇಷಣೆಗೆ ತಡೆ) ತಂದಿತು. ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದು. ಒಳಗಿರುವುದು ಮೇಬಿನಾಟ್ ಎಂಬ ಮುಕ್ತ ತಂತ್ರಾಂಶ. ಎಲ್ಲ ಪ್ಯಾಕೆಟ್ಟುಗಳೂ ಒಂದೇ ಗಾತ್ರಕ್ಕೆ ಉಬ್ಬುತ್ತವೆ, ನಡುನಡುವೆ ಎರಡೂ ಕಡೆಯಿಂದ ಹುಸಿ ಪ್ಯಾಕೆಟ್ಟುಗಳು ಓಡಾಡುತ್ತವೆ. ‘ಡೇಟಾ ಬಂತು’ ಎಂದು ತಿಳಿಸುವ ಪುಟಾಣಿ ಪ್ಯಾಕೆಟ್ಟೂ ಪೂರ್ಣ ಗಾತ್ರದಲ್ಲೇ ಹೋಗುವುದರಿಂದ ಡೇಟಾ ಖರ್ಚು, ಬ್ಯಾಟರಿ ಖರ್ಚು ಎರಡೂ ಏರುತ್ತವೆ. ದಿನಕ್ಕೆ 1.5 ಜಿಬಿ ಪ್ಯಾಕಿನವರು ಇದನ್ನು ಹಾಕಿಕೊಂಡು ವಿಡಿಯೊ ನೋಡುವುದು ದಂಡ. 2025ರ ಎರಡನೇ ಆವೃತ್ತಿಯಲ್ಲಿ ಹುಸಿ ಪ್ಯಾಕೆಟ್ಟು ಕಡಿಮೆಯಾಗಿವೆ, ಆದರೂ ಹೊರೆ ಹೊರೆಯೇ.

ಸೆಟ್ಟಿಂಗ್ಸ್‌ನಲ್ಲಿ ಡೈಟಾ ಆನ್ ಮಾಡಿದರೆ ಮುಗಿಯಿತು. ಡೈಟಾ ಎಲ್ಲ ಸರ್ವರ್‌ಗಳಲ್ಲೂ ಇಲ್ಲ. ನೀವು ಆರಿಸಿದ್ದರಲ್ಲಿ ಇಲ್ಲದಿದ್ದರೆ ಆ್ಯಪ್ ತಾನಾಗಿ ಡೈಟಾ ಇರುವ ಇನ್ನೊಂದು ಸರ್ವರ್ ಬಳಸಿ ಸುತ್ತುಹಾಕಿ ಹೋಗುತ್ತದೆ. ಕರೆ ತಡವರಿಸಿದರೆ ಕಾರಣ ಬಹುಪಾಲು ಇದೇ. ‘ಡೈರೆಕ್ಟ್ ಓನ್ಲಿ’ ಒತ್ತಿದರೆ ಸುತ್ತು ತಪ್ಪುತ್ತದೆ, ಆಯ್ಕೆ ಕಿರಿದಾಗುತ್ತದೆ.

ಹೆಚ್ಚಿನವರು ಎಡವುವುದು ಯುಪಿಐ ಹತ್ತಿರ. ವಿಪಿಎನ್ ಕಂಡರೆ ಮುನಿಸಿಕೊಳ್ಳುವ ಬ್ಯಾಂಕ್ ಆ್ಯಪನ್ನು ಸ್ಪ್ಲಿಟ್ ಟನಲಿಂಗ್‌ನಲ್ಲಿ (ಆಯ್ದ ಆ್ಯಪ್‌ಗಳನ್ನು ವಿಪಿಎನ್ ಇಲ್ಲದೆ ಬಿಡುವ ಸೌಲಭ್ಯ) ಹೊರಗಿಡಬಹುದು. ಆದರೆ ಆಂಡ್ರಾಯ್ಡ್‌ನ ‘ವಿಪಿಎನ್ ಇಲ್ಲದ ಸಂಪರ್ಕ ತಡೆ’ ಆನ್ ಇದ್ದರೆ ಹೊರಗಿಟ್ಟ ಆ್ಯಪಿಗೆ ನೆಟ್ಟೇ ಸಿಗದು. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು. ಆ ತಡೆ ಇದ್ದರೂ ವೈಫೈಗೆ ಸೇರುವಾಗ ಆಂಡ್ರಾಯ್ಡ್ ಮಾಡುವ ಸಂಪರ್ಕ ಪರೀಕ್ಷೆ ವಿಪಿಎನ್ ಹೊರಗೇ ಹೋಗುತ್ತದೆ. ಮುಲ್ವಾಡ್‌ನವರೇ 2022ರಲ್ಲಿ ಬಯಲು ಮಾಡಿದ ಸಂಗತಿ ಇದು.

ಬೆಲೆ ತಿಂಗಳಿಗೆ 5 ಯೂರೊ, ಐದು ಸಾಧನಗಳಿಗೆ. ಇಮೇಲ್ ಕೇಳುವುದಿಲ್ಲ, 16 ಅಂಕಿಯ ಖಾತೆ ಸಂಖ್ಯೆಯೇ ಎಲ್ಲ, ಬರೆದಿಟ್ಟುಕೊಳ್ಳಿ.

ನೀವು ಯಾವ ಟವರ್ ಕೆಳಗಿದ್ದೀರಿ ಎಂಬುದನ್ನು ಡೈಟಾ ಮುಚ್ಚಲಾರದು, ವಿಪಿಎನ್ ಬಳಸುತ್ತಿರುವುದನ್ನೂ ಅಷ್ಟೆ. ಸುದ್ದಿಮೂಲ ಕಾಯುವ ಪತ್ರಕರ್ತರಿಗೆ, ವಕೀಲರಿಗೆ ಡೈಟಾ ಹಾಕಿಕೊಳ್ಳಿ ಎಂದು ಧಾರಾಳವಾಗಿ ಹೇಳಬಹುದು. ಉಳಿದವರಿಗೆ ಬರೀ ವಿಪಿಎನ್ ಸಾಕು. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸುವುದಿದ್ದರೆ ಅದರಲ್ಲೂ ಬೇರೆಯಾಗಿ ಹಾಕಿಕೊಳ್ಳಿ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಹಾಟ್‌ಸ್ಪಾಟ್ ಸಂಚಾರ ಫೋನಿನ ವಿಪಿಎನ್ ಒಳಗೆ ಹೋಗುವುದಿಲ್ಲ.